ಗೇಮ್ ಡೆವಲಪರ್‌ಗಳ ಸಂಘದ ಬಗ್ಗೆ ಏನಿದ್ರೂ ಇಲ್ಲೇ ಕೇಳಿ

ವಿದ್ಯಾನಗರದ ಹುಡುಗ: ಸರ್, ಐಜಿಡಿಎ ಅಂದ್ರೆ ಏನು? ಮೆಂಬರ್ ಆದ್ರೆ ಕೆಲಸ ಸಿಗುತ್ತಾ?

ಪ್ರೋಗ್ರಾಮರ್: ಇಂಟರ್‌ನ್ಯಾಷನಲ್ ಗೇಮ್ ಡೆವಲಪರ್ಸ್ ಅಸೋಸಿಯೇಷನ್, ಗೇಮ್ ಮಾಡುವವರ ಅಂತರರಾಷ್ಟ್ರೀಯ ಸಂಘ. 1994ರಲ್ಲಿ ಅರ್ನೆಸ್ಟ್ ಆಡಮ್ಸ್ ಶುರು ಮಾಡಿದರು. ಆಗ ಹೆಸರಲ್ಲಿ ಇಂಟರ್‌ನ್ಯಾಷನಲ್ ಇರಲಿಲ್ಲ, ಕಂಪ್ಯೂಟರ್ ಗೇಮ್ ಡೆವಲಪರ್ಸ್ ಅಸೋಸಿಯೇಷನ್ ಅಂತಿತ್ತು. ಕೆಲಸ ಕೊಡಿಸಲ್ಲ.

ಚಿತ್ರದುರ್ಗದಿಂದ: ನಮ್ಮ ಕೋಟೆ ಮೇಲೆ, ಓಬವ್ವನ ಕಿಂಡಿ ಇಟ್ಟು ಗೇಮ್ ಮಾಡಬೇಕು ಅಂತಿದೀನಿ. ಯಾವ ಎಂಜಿನ್ (ಗೇಮ್ ಕಟ್ಟೋ ಸಾಫ್ಟ್‌ವೇರ್) ಒಳ್ಳೇದು?

ಹರಿಹರದ ಅಕ್ಕ: ನನ್ನ ತಮ್ಮ ಒಂದು ಸ್ಟುಡಿಯೋದಲ್ಲಿ ಎಂಟು ತಿಂಗಳು ದುಡಿದ. ಕೊನೆಕೊನೆಗೆ ಬೆಳಗಿನ ಜಾವ ನಾಲ್ಕರವರೆಗೂ ಲ್ಯಾಪ್‌ಟಾಪ್ ಮುಂದೆ, ಪಕ್ಕದ ತಟ್ಟೆಯಲ್ಲಿ ರೊಟ್ಟಿ ಒಣಗಿರುತ್ತಿತ್ತು. ಗೇಮ್ ಬಿಡುಗಡೆಗೆ ಎರಡು ವಾರ ಇದ್ದಾಗ ಕೆಲಸ ಬಿಟ್ಟ. ಈಗ ಕ್ರೆಡಿಟ್ಸ್‌ನಲ್ಲಿ ಹೆಸರೇ ಇಲ್ಲ. ಸಂಘಕ್ಕೆ ದೂರು ಕೊಡಬಹುದಾ?

ಪ್ರೋಗ್ರಾಮರ್: ಓದಿ ಹೊಟ್ಟೆ ಉರೀತು ಅಕ್ಕ. ಇದು ಹಳೇ ರೋಗ. ಅಟಾರಿ ಅನ್ನೋ ಗೇಮ್ ಕಂಪನಿಯ ಕಾಲದಲ್ಲಿ ಗೇಮ್ ಬರೆದವರ ಹೆಸರನ್ನೇ ಹಾಕುತ್ತಿರಲಿಲ್ಲ, ಅದಕ್ಕೇ ವಾರನ್ ರಾಬಿನೆಟ್ ಅನ್ನುವವನು 'ಅಡ್ವೆಂಚರ್' ಗೇಮ್ ಒಳಗೆ ಗುಟ್ಟಿನ ಕೋಣೆ ಕಟ್ಟಿ, ಕಣ್ಣಿಗೆ ಬೀಳದಷ್ಟು ಸಣ್ಣ ಚುಕ್ಕೆ ಹುಡುಕಿ ತಂದವರಿಗೆ ಮಾತ್ರ ಕಾಣುವ ಹಾಗೆ ತನ್ನ ಹೆಸರು ಬರೆದಿಟ್ಟ. 1979ರಲ್ಲಿ ನಾಲ್ಕು ಪ್ರೋಗ್ರಾಮರ್‌ಗಳು ಅಟಾರಿಯಿಂದ ಹೊರಬಂದು ಆಕ್ಟಿವಿಷನ್ ಕಂಪನಿ ಕಟ್ಟಿದ್ದಕ್ಕೂ ಹೆಸರು, ದುಡ್ಡು ಎರಡೂ ಕಾರಣ. ಕ್ರೆಡಿಟ್ ಹೇಗೆ ಕೊಡಬೇಕು ಅಂತ ಐಜಿಡಿಎ ಮಾರ್ಗಸೂಚಿ ಬರೆದಿದೆ, ಮಧ್ಯೆ ಬಿಟ್ಟು ಹೋದವರನ್ನೂ ಸೇರಿಸಿ ಅನ್ನುತ್ತೆ. ಆದರೆ ಅದು ಬರೀ ಸಲಹೆ, ಕಂಪನಿ ಕೇಳಲೇಬೇಕು ಅಂತಿಲ್ಲ. ಕಾಂಟ್ರಾಕ್ಟ್, ಕೋಡ್ ಹಾಕಿದ ದಾಖಲೆ, ಮೇಲ್‌ಗಳು ಯಾವುದನ್ನೂ ಅಳಿಸಬೇಡಿ. ಮುಂದಿನ ಅಪ್‌ಡೇಟ್‌ನಲ್ಲಿ ಹೆಸರು ಸೇರಿಸಿ ಅಂತ ಪ್ರೊಡ್ಯೂಸರ್‌ಗೆ ಇವತ್ತೇ ಮೇಲ್ ಹಾಕಿಸಿ. ಫೋನಲ್ಲಿ ಬೇಡ.

ನಿಟ್ಟುವಳ್ಳಿಯಿಂದ: ವಾಟ್ಸಾಪ್‌ನಲ್ಲಿ ಬಂದಿದ್ದು: '5000 ರೂಪಾಯಿ ಕಟ್ಟಿದರೆ ಸಂಘದ ಲೈಸೆನ್ಸ್, ಕೆಲಸ ಗ್ಯಾರಂಟಿ.' ನಿಜಾನಾ?

ಪ್ರೋಗ್ರಾಮರ್: ಸುಳ್ಳು. ಗೇಮ್ ಮಾಡೋಕೆ ಲೈಸೆನ್ಸ್ ಅನ್ನೋದೇ ಇಲ್ಲ. ಇದೇ ಫಾರ್ವರ್ಡ್ ಮೂರನೇ ಸಲ ಬರ್ತಿದೆ. ದುಡ್ಡು ಜಾಸ್ತಿ ಇದ್ರೆ ಬೆಣ್ಣೆ ದೋಸೆ ತಿನ್ನಿ.

ಮಿಲ್ ಕಾರ್ಮಿಕರ ಮಗ: ಸಲಹೆ ಕೊಡೋಕೆ ಸಂಘ ಯಾಕೆ? ನಮ್ಮಪ್ಪ ಹತ್ತಿ ಮಿಲ್‌ನಲ್ಲಿದ್ದಾಗ ಗೇಟ್ ಮುಂದೆ ಕೂತೇ ಬೋನಸ್ ತಗೊಂಡರು.

ಪಿ.ಜೆ. ಬಡಾವಣೆಯಿಂದ: ಕೂತು ಕೂತೇ ಮಿಲ್ ಮುಚ್ಚಿಸಿದ್ರಿ.

ಮಿಲ್ ಕಾರ್ಮಿಕರ ಮಗ: ಮುಚ್ಚಿದ್ದು ಮಾಲೀಕರು ಸ್ವಾಮಿ. ಗೊತ್ತಿಲ್ದೇ ಮಾತಾಡಬೇಡಿ.

ಪ್ರೋಗ್ರಾಮರ್: ಇದು ಯೂನಿಯನ್ ಅಲ್ಲ. ನೌಕರರೂ ಮೆಂಬರ್, ಸ್ಟುಡಿಯೋ ನಡೆಸುವವರೂ ಮೆಂಬರ್. 2004ರಲ್ಲಿ ಮಿತಿಮೀರಿದ ದುಡಿಮೆ ಬಗ್ಗೆ ವರದಿ ತಂದರು, ಒಳ್ಳೇ ಕೆಲಸವೇ. ಆದರೆ ಅದೇ ವರ್ಷ ಇಎ (ಎಲೆಕ್ಟ್ರಾನಿಕ್ ಆರ್ಟ್ಸ್) ಅನ್ನೋ ಗೇಮ್ ಕಂಪನಿಯ ನೌಕರನ ಸಂಗಾತಿ ಅಲ್ಲಿನ ಇಂಥದ್ದೇ ದುಡಿಮೆ ಬಗ್ಗೆ ಹೆಸರು ಹೇಳದೆ ಬರೆದ ಪತ್ರ ಮುಟ್ಟಿಸಿದ ಬಿಸಿ ಆ ವರದಿ ಮುಟ್ಟಿಸಲಿಲ್ಲ.

ವಿದ್ಯಾನಗರದ ಹುಡುಗ: ಸರ್, ಹಾಗಾದ್ರೆ ಮೆಂಬರ್ ಆದ್ರೆ ಕೆಲಸ...

ಪ್ರೋಗ್ರಾಮರ್: ಮೇಲೆ ಓದಪ್ಪ.

ಪಿ.ಜೆ. ಬಡಾವಣೆಯಿಂದ: ಮಾಲೀಕರು ಸುಮ್ನೆ ಮುಚ್ತಾರಾ?

ಚಿತ್ರದುರ್ಗದಿಂದ: ಸರ್, ಓಬವ್ವ?

ಪ್ರೋಗ್ರಾಮರ್: ಮಿಲ್ ಜಗಳ ಇಲ್ಲಿ ಬೇಡ, ಅಳಿಸ್ತೀನಿ. ಅಕ್ಕ, ಕಾಂಟ್ರಾಕ್ಟ್ ಫೋಟೋ ಕಳಿಸಿ. ಗುಂಪಿಗಲ್ಲ, ನನಗೆ.