ನಾಮಪತ್ರ ತಿರಸ್ಕಾರವಾದರೆ ತಕ್ಷಣ ಕೋರ್ಟಿಗೆ ಯಾಕೆ ಹೋಗಬಾರದು?

ಮದ್ದೂರು ರೈತ:
ನಮ್ಮ ಗ್ರಾಮ ಪಂಚಾಯಿತಿ ಉಪಚುನಾವಣೆಯಲ್ಲಿ ಚಿಕ್ಕಮ್ಮನ ನಾಮಪತ್ರ ತಿರಸ್ಕಾರ ಮಾಡಿದರು. ಅವರ ಹೆಸರು ಸೂಚಿಸಿದ ಸೂಚಕರ ಸಹಿ ಹೊಂದಲ್ಲ ಅಂತ ಕಾರಣ. ಸೂಚಕರು ಮೇಜಿನ ಮುಂದೆಯೇ ನಿಂತು ‘ನಂದೇ ಸಹಿ’ ಅಂದರೂ ಕೇಳಲಿಲ್ಲ. ಹೈಕೋರ್ಟಿಗೆ ರಿಟ್ ಹಾಕೋಣ ಅಂದರೆ ವಕೀಲರು ‘ಚುನಾವಣೆ ಮುಗಿಯಲಿ’ ಅಂತಾರೆ. ಇದ್ಯಾವ ನ್ಯಾಯ?

ಸರಸ್ವತಿಪುರಂ ವಕೀಲೆ:
ಅವರು ಹೇಳಿದ್ದು ಸರಿ ಅಣ್ಣ. ಶಾಸನಸಭೆ, ಸಂಸತ್ತಿನ ಚುನಾವಣೆಗೆ ಸಂವಿಧಾನದ 329(ಬಿ) ವಿಧಿ, ಪಂಚಾಯಿತಿಗೆ 243-ಓ. ಚುನಾವಣೆ ಪ್ರಶ್ನಿಸಬೇಕಾದರೆ ಫಲಿತಾಂಶ ಬಂದ ಮೇಲೆ ಹಾಕುವ ತಕರಾರು ಅರ್ಜಿಯಲ್ಲೇ ಪ್ರಶ್ನಿಸಬೇಕು. 1952ರಲ್ಲಿ ನಾಮಕ್ಕಲ್‌ನ ಪೊನ್ನುಸ್ವಾಮಿ ಎಂಬವರ ನಾಮಪತ್ರವೂ ಹೀಗೇ ತಿರಸ್ಕಾರವಾಗಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಅಧಿಸೂಚನೆಯಿಂದ ಫಲಿತಾಂಶದವರೆಗೆ ಎಲ್ಲ ಸೇರಿ ‘ಚುನಾವಣೆ’, ನಡುವೆ ಕೋರ್ಟು ಕೈಹಾಕುವಂತಿಲ್ಲ ಎಂದು ತೀರ್ಪಾಯಿತು.

ಕುವೆಂಪುನಗರ ಮೇಷ್ಟ್ರು:
ಚುನಾವಣಾ ಡ್ಯೂಟಿ ಮಾಡಿದವನಾಗಿ ನಾನು ಈ ನಿಯಮದ ಪರ. ಮತಪತ್ರ ಅಚ್ಚಾಗಿ, ಮಸ್ಟರಿಂಗ್ (ಸಿಬ್ಬಂದಿ ಸೇರಿ ಮತಗಟ್ಟೆ ಸಾಮಗ್ರಿ ಪಡೆಯುವುದು) ಮುಗಿದು, ನಾವು ಬಸ್ ಹತ್ತುವ ಹೊತ್ತಿಗೆ ತಡೆಯಾಜ್ಞೆ ಬಂದರೆ? ಸೋಲುವ ಭಯ ಇದ್ದವರೆಲ್ಲ ಒಂದೊಂದು ಕೇಸು ಹಾಕ್ತಾರೆ. ಚುನಾವಣೆಯೇ ನಡೆಯಲ್ಲ.

ಪಾಂಡವಪುರದವ:
ಮೇಷ್ಟ್ರೇ, ಆಮೇಲೆ ಕೇಳ್ತೀವಿ ಅಂದವರು ಬೇಗ ಕೇಳಬೇಕು ಅಲ್ವಾ? ತುಮಕೂರು ಗ್ರಾಮಾಂತರ ನೋಡಿ. 2018ರ ಚುನಾವಣೆ. ಮತದಾರರಿಗೆ ನಕಲಿ ವಿಮಾ ಬಾಂಡ್ ಹಂಚಿದ ಆರೋಪ. ಶಾಸಕರ ಆಯ್ಕೆ ಅಸಿಂಧು ಅಂತ ಹೈಕೋರ್ಟ್ ಹೇಳಿದ್ದು 2023ರ ಮಾರ್ಚ್‌ನಲ್ಲಿ. ಮೇನಲ್ಲಿ ಮುಂದಿನ ಚುನಾವಣೆಯೇ ಬಂತು. ಕಬ್ಬು ಒಣಗಿದ ಮೇಲೆ ನಾಲೆಗೆ ನೀರು ಬಿಟ್ಟ ಹಾಗೆ. ಹಾಸನದ 2019ರ ಲೋಕಸಭಾ ಚುನಾವಣೆಯದ್ದೂ ಅಷ್ಟೇ, ಸಂಸದರ ಆಯ್ಕೆ ಅಸಿಂಧು ಅನ್ನುವ ತೀರ್ಪು 2023ರ ಸೆಪ್ಟೆಂಬರ್‌ನಲ್ಲಿ. ಅದಕ್ಕೂ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ನಡುವೆ ಬರಬೇಡಿ ಅನ್ನೋದು, ಕೊನೆಗೆ ಬಂದವರನ್ನು ವರ್ಷಗಟ್ಟಲೆ ಕಾಯಿಸೋದು. ಎರಡೂ ಸೇರಿದರೆ ಬಾಗಿಲು ಮುಚ್ಚಿದ ಹಾಗೇ.

ಸರಸ್ವತಿಪುರಂ ವಕೀಲೆ:
ಇದನ್ನು ಒಪ್ಪುತ್ತೇನೆ. ನನಗೂ ಸಿಟ್ಟು ಬರುವುದು ಇಲ್ಲೇ. ಶಾಸನಸಭೆ, ಸಂಸತ್ತಿನ ಚುನಾವಣೆಗಿರುವ 1951ರ ಪ್ರಜಾ ಪ್ರಾತಿನಿಧ್ಯ ಕಾಯ್ದೆಯಲ್ಲಿ ತಕರಾರು ಅರ್ಜಿ ಹಾಕಲು ಅಭ್ಯರ್ಥಿಗೆ, ಮತದಾರನಿಗೆ 45 ದಿನ. ಒಂದು ದಿನ ತಡವಾದರೂ ವಜಾ. ಕೋರ್ಟಿಗೆ ಮಾತ್ರ ‘ಆರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು’ ಅಂತ ಮೆತ್ತಗಿನ ಮಾತು. ಆ ಆರು ತಿಂಗಳನ್ನು ಕಡ್ಡಾಯ ಮಾಡಬೇಕು. ಈ ಅರ್ಜಿಗಳಿಗೇ ಪ್ರತ್ಯೇಕ ನ್ಯಾಯಾಧೀಶರನ್ನು ಕೊಡಬೇಕು.

ಕುವೆಂಪುನಗರ ಮೇಷ್ಟ್ರು:
ತಕರಾರು ಅರ್ಜಿಗೆ ಬಲವೇ ಇಲ್ಲ ಅನ್ನಬೇಡಿ. 1975ರ ಜೂನ್ 12ರಂದು ಪ್ರಧಾನಿ ಇಂದಿರಾ ಗಾಂಧಿಯವರ ಆಯ್ಕೆಯನ್ನೇ ಅಲಹಾಬಾದ್ ಹೈಕೋರ್ಟ್ ರದ್ದು ಮಾಡಿತು. ಪ್ರಧಾನಿಯ ಚುನಾವಣೆ ಕೋರ್ಟಿಗೆ ಸಿಗದ ಹಾಗೆ ಸಂವಿಧಾನಕ್ಕೇ ತಿದ್ದುಪಡಿ ತಂದರು. ಸುಪ್ರೀಂ ಕೋರ್ಟ್ ಅದೇ ನವೆಂಬರ್‌ನಲ್ಲಿ ಆ ಭಾಗವನ್ನು ಹೊಡೆದು ಹಾಕಿತು.

ಪಾಂಡವಪುರದವ:
ಅದು ನಡೆದಿದ್ದು 1971ರ ಚುನಾವಣೆಗೆ ಮೇಷ್ಟ್ರೇ. ಅಲ್ಲೂ ನಾಲ್ಕು ವರ್ಷ.

ಮದ್ದೂರು ರೈತ:
ಮೇಡಂ, ನಾವೀಗ ಏನು ಮಾಡಬೇಕು?

ಸರಸ್ವತಿಪುರಂ ವಕೀಲೆ:
ತಿರಸ್ಕಾರದ ಆದೇಶದ ದೃಢೀಕೃತ ನಕಲಿಗೆ ಇವತ್ತೇ ಅರ್ಜಿ ಕೊಡಿ. ಸೂಚಕರಿಂದ ಅಫಿಡವಿಟ್ ಮಾಡಿಸಿ. ಪಂಚಾಯಿತಿಗೆ ಫಲಿತಾಂಶ ಬಂದ ದಿನದಿಂದ 30 ದಿನ ಮಾತ್ರ, ಸಿವಿಲ್ ಕೋರ್ಟಿನಲ್ಲಿ. ಕೊನೆಯ ವಾರದವರೆಗೆ ಕಾಯಬೇಡಿ.