ಅಪ್‌ಡೇಟ್: ಕ್ಯಾಂಪರ್ ಟ್ರೇಲರ್ ಚಾವಣಿ ಸೋರೋದು ನಿಂತಿತು

ಕ್ಯಾಂಪರ್ ಟ್ರೇಲರ್‌ನ (ಕಾರಿನ ಹಿಂದೆ ಎಳೆಯೋ ಮನೆಯಂಥ ಗಾಡಿ) ಚಾವಣಿಯ ವೆಂಟ್, ಅಂದ್ರೆ ಗಾಳಿಕಿಂಡಿ, ಪಕ್ಕ ನೀರು ಸೋರ್ತಿದೆ, ರಬ್ಬರ್ ಚಾವಣಿ ಮೇಲೆ ಹತ್ತಬಹುದಾ ಅಂತ ಕೇಳಿದ್ದೆ. ಈಗ ಒಣಗಿದೆ.

ಕೈ ಹಿಡಿದಿದ್ದು ಸೆಲ್ಫ್ ಲೆವೆಲಿಂಗ್ ಲ್ಯಾಪ್ ಸೀಲೆಂಟ್ (ತಾನೇ ಹರಡಿ ಸಮ ಆಗೋ, ಸಂದು ಮುಚ್ಚೋ ಅಂಟು) ಸಲಹೆ. ಹಳೇದನ್ನ ಪ್ಲಾಸ್ಟಿಕ್ ಸ್ಕ್ರೇಪರ್‌ನಲ್ಲಿ ಕೆರೆದು, ವೆಂಟ್ ಬಿಚ್ಚಿ ಅಂಚಿನಡಿ ಹೊಸ ಬ್ಯೂಟೈಲ್ ಟೇಪ್ (ಜಿಗುಟು ರಬ್ಬರ್ ಪಟ್ಟಿ) ಹಾಕಿ ಬಿಗಿದ ಮೇಲೆ, ಪ್ರತಿ ಸ್ಕ್ರೂ ತಲೆ ಮುಚ್ಚುವಷ್ಟು ಸುರಿಯಬೇಕು. ಚಾವಣಿ ಬಾಗುವ ಅಂಚಿಗೆ ಇದು ಬೇಡ, ಗೋಡೆ ಮೇಲೆ ಹರಿದುಬಿಡುತ್ತೆ. ಅಲ್ಲಿಗೆ ಇಳಿಯದ, ಗಟ್ಟಿ ಬಗೆಯದ್ದೇ ಆಗಬೇಕು.

ಸಿಲಿಕೋನ್ ಮಾತ್ರ ಬೇಡವೇ ಬೇಡ. ಉಗುರಲ್ಲಿ ಎತ್ತಿದರೆ ರಿಬ್ಬನ್ ಥರ ಎದ್ದು ಬಂತು, ಅದರ ಜಿಡ್ಡು ಉಳಿದ ಕಡೆ ಬೇರೆ ಸೀಲೆಂಟೂ ಕೂರಲ್ಲ. ಆ ಜಿಡ್ಡನ್ನ ಪೆಟ್ರೋಲ್‌ನಲ್ಲಿ ಒರೆಸಿದರೆ ಚಾವಣಿಯ ಇಪಿಡಿಎಂ ರಬ್ಬರ್ ಉಬ್ಬುತ್ತೆ.

ಹತ್ತೋ ಮೊದಲು ಚಕ್ರಕ್ಕೆ ಅಡೆ ಕೊಟ್ಟು, ಗಾಡಿ ಅಲುಗದಂತೆ ಹಿಡಿಯೋ ಸ್ಟೆಬಿಲೈಸರ್ ಕಾಲು ಇಳಿಸಿ. ಏಣಿಯ ಬುಡ 4 ಅಡಿ ಎತ್ತರಕ್ಕೆ 1 ಅಡಿ ಹೊರಗಿರಲಿ. ಮೇಲೆ, ಚಾವಣಿಯಡಿಯ ಎರಡು ಮೂರು ಅಡ್ಡಪಟ್ಟಿಗೆ ಭಾರ ಹಂಚುವಂತೆ ಪ್ಲೈವುಡ್, ಅದರಡಿ ಹಳೆ ಕಂಬಳಿ. ನಿಲ್ಲಬೇಡಿ, ಮಂಡಿಯೂರಿ. ಇಬ್ಬನಿ ಇದ್ದರೆ ಹತ್ತಲೇಬೇಡಿ.

ಆಶ್ಚರ್ಯ ಅಂದ್ರೆ, ಕಲೆ ವೆಂಟ್ ಹತ್ತಿರ ಇದ್ದರೂ ಒಂದಿಷ್ಟು ನೀರು ಬರ್ತಿದ್ದದ್ದು ಮುಂಭಾಗದ ಮಾರ್ಕರ್ ಲೈಟಿನ (ಗಾಡಿಯ ಅಂಚು ತೋರಿಸೋ ಪುಟ್ಟ ದೀಪ) ಸ್ಕ್ರೂ ತೂತಿಂದ, ವೈರ್ ಹಿಡಿದು ಹಿಂದಕ್ಕೆ! ಪೈಪಲ್ಲಿ ನೀರು ಬಿಟ್ಟು ನೋಡೋವಾಗ ತಗ್ಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಿ, ಆಗಲೇ ಯಾವ ತೂತು ಅಂತ ಸಿಗೋದು.