ಅಪ್‌ಡೇಟ್: ಹಿಮದ ರಸ್ತೆಗೆ ಕೊನೆಗೂ ಕಾರು ಸಿಕ್ಕಿತು

ಅಮೆರಿಕದ ಡೆನ್ವರ್‌ನಿಂದ ವಾರಾಂತ್ಯಕ್ಕೆ ಬೆಟ್ಟ ಹತ್ತಲು, ಪೆಟ್ರೋಲ್ ಜಾಸ್ತಿ ಕುಡಿಯದ ಹಳೇ ಫೋರ್ ವೀಲ್ ಡ್ರೈವ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ) ಕಾರು ಯಾವುದು ಎಂದು ಇಲ್ಲಿ ಕೇಳಿದ್ದೆ, ಅಲ್ವಾ? 2018ರ ಸುಬಾರು ಕ್ರಾಸ್‌ಟ್ರೆಕ್ ತೆಗೆದುಕೊಂಡೆ.

ಟೊಯೋಟಾ ಆರ್‌ಎವಿ4 ಹೈಬ್ರಿಡ್ ತಗೊಳ್ಳಿ ಎಂದವರ ಮಾತು ಸರಿಯಾಗಿಯೇ ಇತ್ತು, ಮೈಲೇಜ್ ಅದರದ್ದೇ ಮೇಲು. ಆದರೆ ಬೆಲೆ ನನ್ನ ಕೈಗೆ ಎಟುಕಲಿಲ್ಲ. ದೊಡ್ಡ ಎಸ್‌ಯುವಿ ಸಲಹೆ ಪೆಟ್ರೋಲ್ ಲೆಕ್ಕದಲ್ಲೇ ಬಿದ್ದುಹೋಯಿತು.

ನಿಜಕ್ಕೂ ಕೆಲಸಕ್ಕೆ ಬಂದಿದ್ದು 'ಮೊದಲು ಟೈರ್ ಅಳೆಯಿರಿ' ಎಂಬ ಸಲಹೆ. ಮೊದಲು ನೋಡಿದ ಕಾರು ಫಳಫಳ ಹೊಳೆಯುತ್ತಿತ್ತು. ಟೈರ್ ಗೆರೆಯ ಆಳ ಅಳೆಯುವ ಗೇಜ್ ಇಟ್ಟು ನೋಡಿದರೆ ಹಿಂದಿನ ಎರಡು ಟೈರ್ ಹೊಸವು, ಮುಂದಿನವು ಅರ್ಧ ಸವೆದಿದ್ದವು. ನಾಲ್ಕೂ ಚಕ್ರ ಎಳೆಯುವ ಕಾರಿನಲ್ಲಿ ಹೀಗಿದ್ದರೆ, ಮುಂದಿನ-ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಮಧ್ಯದ ಕ್ಲಚ್‌ಗೆ ಸದಾ ಹೊರೆ. ಅದನ್ನು ಬಿಟ್ಟು ಬಂದೆ.

ಗೊತ್ತಿರದ ಇನ್ನೊಂದು ವಿಷಯ: ಡೆನ್ವರ್‌ನಿಂದ ಬೆಟ್ಟಕ್ಕೆ ಹೋಗುವ ಐ-70 ಹೆದ್ದಾರಿಯಲ್ಲಿ ಡಾಟ್‌ಸೆರೊದಿಂದ ಮಾರಿಸನ್‌ವರೆಗೆ, ಸೆಪ್ಟೆಂಬರ್ 1ರಿಂದ ಮೇ 31ರ ತನಕ, ಫೋರ್ ವೀಲ್ ಡ್ರೈವ್ ಇದ್ದರೂ ಟೈರ್ ಗೆರೆ ಕನಿಷ್ಠ 3/16 ಇಂಚು ಆಳ ಇರಲೇಬೇಕು.

ಹಿಮದ ಹರಳಿನ ಗುರುತಿರುವ ಚಳಿಗಾಲದ ಟೈರ್ ಹಾಕಿಸಿದೆ. ಕಳೆದ ಶನಿವಾರ ಲವ್‌ಲ್ಯಾಂಡ್ ಪಾಸ್ ಎಂಬ ಕಣಿವೆದಾರಿ ಇಳಿಯುವಾಗ ಅದರ ಬೆಲೆ ತಿಳಿಯಿತು. ಹತ್ತಿಸುವುದು ಡ್ರೈವ್, ನಿಲ್ಲಿಸುವುದು ಟೈರೇ. ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಪಾದದಡಿ ಗರಗರ ಅಂದಿತು, ಕಾರು ಮಾತ್ರ ನೇರವಾಗಿ ನಿಂತಿತು. ಈ ಟೈರ್‌ನಲ್ಲಿ ಗ್ಯಾಲನ್‌ಗೆ 27 ಮೈಲಿ ಸಿಗುತ್ತಿದೆ. ಟೈರ್ ಬಗ್ಗೆ ಬರೆದವರಿಗೆ ತುಂಬಾ ಥ್ಯಾಂಕ್ಸ್.